ಕುಡತಿನಿ ಹೊಗೆಗೆ ಒಂದು, ತೋರಣಗಲ್ಲಿಗೆ ಇನ್ನೊಂದು: ಎರಡು ದ್ರಾವಣ ಕಾಯಿಸಿ ನೋಡಿದ್ದು

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಮೊದಲು ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಆಮೇಲೆ ತೋರಣಗಲ್ಲಿನ ಉಕ್ಕಿನ ಕುಲುಮೆ. ಈ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿಯೋದು ಅಷ್ಟು ಕಷ್ಟವಲ್ಲ. ಅಮೈನ್ (ಅಮೋನಿಯಾ ಕುಲದ ರಾಸಾಯನಿಕ) ಬೆರೆಸಿದ ನೀರು ಹಿಡಿದುಬಿಡುತ್ತದೆ. ಕಷ್ಟವೆಲ್ಲ ಆ ನೀರನ್ನು ಮತ್ತೆ ಬಳಸಲು, ಹಿಡಿದದ್ದನ್ನು ಕಾಯಿಸಿ ಬಿಡಿಸೋದ್ರಲ್ಲಿದೆ. ಹಳೆಯ ದ್ರಾವಣ ಎಂಇಎಗೆ (ಮೊನೊಎಥನಾಲಮೈನ್ ಎಂಬ ಅಮೈನ್) ಒಂದು ಟನ್ ಬಿಡಿಸಲು ಸುಮಾರು 3.5ರಿಂದ 4 ಗಿಗಾಜೂಲ್ ಶಾಖ ಬೇಕು. ಕರೆಂಟ್ ಮಾಡುವ ಸ್ಥಾವರದಲ್ಲಿ ಟರ್ಬೈನ್ ತಿರುಗಿಸಬೇಕಾದ ಹಬೆಯೇ ಅದಕ್ಕೆ ಖರ್ಚಾಗುತ್ತದೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕಾಲಂ (ಅನಿಲ, ದ್ರಾವಣ ಸೇರುವ ಎತ್ತರದ ಕೊಳವೆ) ಕಟ್ಟಿ ಎರಡನ್ನು ಪಕ್ಕಪಕ್ಕದಲ್ಲಿ ನೋಡಿದೆವು. ಒಂದು, 30% ಎಂಇಎ. ಇನ್ನೊಂದು, ಎಂಡಿಇಎ (ಮೀಥೈಲ್ ಡೈಎಥನಾಲಮೈನ್) ಎಂಬ ಬೇರೆ ಅಮೈನ್‌ಗೆ, ಹೀರುವ ವೇಗ ಹೆಚ್ಚಿಸುವ ಪಿಪರಜಿನ್ ಸ್ವಲ್ಪ ಸೇರಿಸಿದ ಮಿಶ್ರಣ.

ಅನಿಲ ಹೀರಿದ ಎರಡೂ ದ್ರಾವಣವನ್ನು ಮ್ಯಾಂಟಲ್ (ಲ್ಯಾಬಿನ ಕರೆಂಟ್ ಒಲೆ) ಮೇಲಿಟ್ಟು ಕಾಯಿಸಿದೆವು. 90 ಡಿಗ್ರಿ ಮುಟ್ಟುವಷ್ಟರಲ್ಲಿ ಮಿಶ್ರಣ ಗೋಲಿಸೋಡಾ ಒಡೆದ ಹಾಗೆ ಗುಳ್ಳೆ ಬಿಟ್ಟಿತು. ಹೊರಬಂದ ಅನಿಲವನ್ನು ಅಳೆಯುವ ಕೊಳವೆಯಲ್ಲಿ ಸೋಪಿನ ಪೊರೆ ಸರಸರ ಮೇಲೇರಿತು. ಅದೇ ಬಿಸಿಯಲ್ಲಿ ಎಂಇಎದ ಪೊರೆ ತೆವಳುತ್ತಿತ್ತು. ಚೆನ್ನಾಗಿ ಕುದಿ ಬಂದ ಮೇಲಷ್ಟೇ ಓಡಿತು. ಎಂಇಎ ಅನಿಲದ ಜೊತೆ ಕಟ್ಟುವ ಗಂಟು ಬಿಗಿ, ಬಿಚ್ಚಲು ಒಂದು ಮೋಲ್ ಅನಿಲಕ್ಕೆ ಸುಮಾರು 85 ಕಿಲೋಜೂಲ್ ಬೇಕು. ಎಂಡಿಇಎದ್ದು 60ರ ಆಸುಪಾಸು.

ಹಾಗಂತ ಮಿಶ್ರಣವೇ ಗೆದ್ದಿತು ಅನ್ನಬೇಡಿ. ಕಲ್ಲಿದ್ದಲ ಹೊಗೆಗೆ ಹೋಲುವ 12% ಅನಿಲ ಹಾಯಿಸಿದ್ದು ಏಪ್ರಿಲ್ ಮಧ್ಯಾಹ್ನ. ತಣಿಸುವ ನೀರು ಬರುವುದು ಮಾಳಿಗೆ ಮೇಲಿನ ಟ್ಯಾಂಕಿನಿಂದ. ನಲ್ಲಿ ಕೆಳಗೆ ಕೈಯಿಟ್ಟರೆ ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಕಾಲಂ ತಣಿಯಲಿಲ್ಲ, ಮಿಶ್ರಣ ಅನಿಲವನ್ನು ಸರಿಯಾಗಿ ಹೀರಲಿಲ್ಲ. ಪಂಪ್ ಜೋರು ಮಾಡಿದೆವು. ಜಾಸ್ತಿ ದ್ರಾವಣ ಸುತ್ತಿದರೆ ಜಾಸ್ತಿ ನೀರು ಕಾಯಬೇಕು, ಅಲ್ವಾ? ಮಿಶ್ರಣದಿಂದ ಉಳಿತಾಯವಾಗಿದ್ದ ಶಾಖದಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು. ಎಂಇಎ ಮಾತ್ರ ಆ ಸೆಕೆಯಲ್ಲೂ ಬಿಗಿಯಾಗಿ ಹಿಡಿಯಿತು.

ತೋರಣಗಲ್ಲಿನಂಥ ಕಡೆಯ ಊದುಕುಲುಮೆಯ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ 20% ಮೀರಿರುತ್ತದೆ. ಅದಕ್ಕೆ ಹೊಂದುವ ಸಿಲಿಂಡರ್ ಜೋಡಿಸಿದಾಗ ಮಾತು ಬದಲಾಯಿತು. ಅನಿಲ ದಟ್ಟವಾಗಿದ್ದರೆ ಮಿಶ್ರಣಕ್ಕೆ ಹೊಟ್ಟೆ ತುಂಬುತ್ತದೆ, ಪಂಪ್ ಜೋರು ಮಾಡುವ ಅಗತ್ಯವೇ ಬರಲಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದೆವು, ನನಗೆ ತುಂಬಾ ಹಿಡಿಸಿದ್ದು ಅದೇ. ಕುದಿದು ಹೊರಬರುವ ದ್ರಾವಣದ ಬಿಸಿಯನ್ನು ಒಳಗೆ ಹೋಗುವ ದ್ರಾವಣಕ್ಕೆ ದಾಟಿಸುವ ಸುರುಳಿಯನ್ನು ಉದ್ದ ಮಾಡಿ, ಮೇಲೆ ಗಾಜಿನ ಉಣ್ಣೆ ಸುತ್ತಿದೆವು. ಎರಡು ದ್ರಾವಣಕ್ಕೂ ಕರೆಂಟ್ ಮೀಟರ್ ನಿಧಾನವಾಯಿತು. ಹೊಸ ರಾಸಾಯನಿಕ ಬೇಕಾಗಲೇ ಇಲ್ಲ. ಎಂಇಎ ಆಕ್ಸಿಜನ್ ತಾಗಿ ಕೆಡುತ್ತದೆ, ಕಬ್ಬಿಣ ತಿನ್ನುತ್ತದೆ. ಆ ದೂರು ಇದ್ದೇ ಇದೆ.

ಕುಡತಿನಿಯಂಥ ಹೊಗೆಗೆ ನಾನು ಎಂಇಎ ಇಟ್ಟುಕೊಂಡು ಮೊದಲು ಸುರುಳಿಗೆ ದುಡ್ಡು ಹಾಕುತ್ತೇನೆ. ತೋರಣಗಲ್ಲಿನಂಥ ಕಡೆ ಮಿಶ್ರಣ. ಕುಲುಮೆಯ ಅಕ್ಕಪಕ್ಕ ಸುಮ್ನೆ ಗಾಳಿಗೆ ಹೋಗುವ ಶಾಖ ಬೇಕಾದಷ್ಟಿರುತ್ತದೆ. 90 ಡಿಗ್ರಿಗೇ ಅನಿಲ ಬಿಡುವ ದ್ರಾವಣಕ್ಕೆ ಅದೂ ಉಪಯೋಗಕ್ಕೆ ಬಂದೀತು. 12% ಪರೀಕ್ಷೆಯನ್ನು ಮಾತ್ರ ಇನ್ನೊಮ್ಮೆ ಮಾಡಬೇಕು, ಬೆಳಗಿನ ಜಾವ, ಟ್ಯಾಂಕಿನ ನೀರು ತಣ್ಣಗಿರುವಾಗ.