ಕಣ್ಣು ಮುಚ್ಚಿ ನೋಡಿದ ಐದು ಮನೆಗಳು

ಮನೆ ನೋಡಲು ಎಲ್ಲರೂ ಹಗಲು ಹೊತ್ತಲ್ಲೇ ಹೋಗುತ್ತಾರೆ. ಗಾಳಿ ಹೇಗೆ, ಬೆಳಕು ಹೇಗೆ, ನಲ್ಲಿ ಸರಿಯಿದೆಯಾ, ಕಪಾಟು ಎಷ್ಟಿದೆ. ನಾನೂ ಹಾಗೇ ಮಾಡುತ್ತಿದ್ದೆ. ಐದು ಥರದ ಮನೆಗಳಲ್ಲಿ ಇದ್ದು ಬಂದ ಮೇಲೆ ನನ್ನ ಲೆಕ್ಕ ಬದಲಾಗಿದೆ. ರಾತ್ರಿ ದೀಪ ಆರಿಸಿದ ಮೇಲೆ ಏನೋ ಸದ್ದಾಗುತ್ತದೆ. ಅದೇನು ಅಂತ ನಿದ್ದೆಗಣ್ಣಲ್ಲೇ ಹೊಳೆದು ಮಗ್ಗುಲು ಬದಲಿಸಿ ಮಲಗಿಬಿಟ್ಟರೆ ಅದು ನನ್ನ ಮನೆ. ಎದ್ದು ಕೂತರೆ ಇನ್ನೂ ಬರೀ ಕಟ್ಟಡ.

ಇದು ಸುಮ್ನೆ ನನ್ನ ಪುಕ್ಕಲುತನ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಜಾಗದಲ್ಲಿ ಮಲಗಿದವರ ಮಿದುಳಿನ ಎಡಭಾಗ ಮೊದಲನೇ ರಾತ್ರಿ ಬಲಭಾಗದಷ್ಟು ಗಾಢವಾಗಿ ನಿದ್ದೆ ಹೋಗಿರಲಿಲ್ಲ. ಸಣ್ಣ ಸದ್ದಿಗೂ ಎಚ್ಚರವಾಗುವಂತಿತ್ತು. ಅರ್ಧ ತಲೆ ಮಲಗುತ್ತದೆ, ಇನ್ನರ್ಧ ಕಾವಲು ಕಾಯುತ್ತದೆ.

ಎಲ್ಲಕ್ಕಿಂತ ಬೇಗ ಒಗ್ಗಿದ್ದು ಒಂಟಿ ಕೋಣೆ. ಮೂರೇ ದಿನ. ಅಲ್ಲಿದ್ದ ಸದ್ದು ಒಂದೇ, ತಲೆ ಹತ್ತಿರ ಆಗಾಗ ಗುರ್ ಅನ್ನುವ ಫ್ರಿಜ್ಜು. ಆದರೆ ಬೇಜಾರಾದರೆ ಎದ್ದು ಹೋಗಿ ಕೂರಲು ಇನ್ನೊಂದು ಮೂಲೆ ಇಲ್ಲ. ಒಂದೇ ಗೋಡೆ ನೋಡಿಕೊಂಡು ಉಣ್ಣುವುದು, ಅದನ್ನೇ ನೋಡಿಕೊಂಡು ಮಲಗುವುದು.

ಆಮೇಲೆ ಫ್ಲ್ಯಾಟು, ನಡುವಿನ ಮಹಡಿ. ಮೇಲಿನ ಮನೆಯವರು ದಿನಾ ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯುತ್ತಿದ್ದರು. ಕಟ್ಟಿದವರು ಕಾಂಕ್ರೀಟು ಕಡಿಮೆ ಹಾಕಿ ದುಡ್ಡು ಉಳಿಸಿರಬೇಕು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹಾಗಲ್ಲ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಒಂದು ಚದರ ಮೀಟರಿಗೆ ಸುಮಾರು 360 ಕೆಜಿ ತೂಗುತ್ತದೆ. ಗಾಳಿಯಲ್ಲಿ ಬರುವ ಸದ್ದನ್ನು ಆ ಭಾರ ಚೆನ್ನಾಗೇ ತಡೆಯುತ್ತದೆ, ಮೇಲಿನವರ ಮಾತು ಒಂದೂ ಕೇಳುತ್ತಿರಲಿಲ್ಲ. ಕುರ್ಚಿಯ ಕಾಲು ನೆಲವನ್ನೇ ಅಲ್ಲಾಡಿಸುತ್ತದೆ ನೋಡಿ, ಅವರ ನೆಲ ಅಂದರೆ ನನ್ನ ಸೂರು. ಅದನ್ನು ಅಲ್ಲೇ, ಮೇಲೆಯೇ ತಡೆಯಬೇಕು. ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಟೋಪಿಗಳನ್ನು ನಾನೇ ತಂದು, ನಾಚಿಕೊಂಡು ಅವರ ಬಾಗಿಲು ತಟ್ಟಿದೆ. ಪಾಪ, ನಕ್ಕು ತೆಗೆದುಕೊಂಡರು. ಕುರ್ಚಿ ನಿಂತಿತು. ನಿಂತ ರಾತ್ರಿಯೇ ಲಿಫ್ಟಿನ ಸದ್ದು ಕೇಳತೊಡಗಿತು! ಅದು ಮೊದಲೂ ಇತ್ತಂತೆ. ಲಿಫ್ಟು ಎಲ್ಲಿ ನಿಲ್ಲುತ್ತದೆ ಅಂತ ಮಲಗಿದಲ್ಲೇ ಹೇಳುವಷ್ಟಾಗಲು ಎರಡು ತಿಂಗಳು ಬೇಕಾಯಿತು.

ಮಧ್ಯೆ ಕೆಲವು ತಿಂಗಳು ಅದೇ ಕಟ್ಟಡದ ಕೊನೇ ಮಹಡಿಗೂ ಹೋಗಿದ್ದೆ, ತಲೆ ಮೇಲೆ ಯಾರೂ ಬೇಡ ಅಂತ. ಹಗಲೆಲ್ಲ ಬಿಸಿಲು ಕುಡಿದ ಸೂರು ರಾತ್ರಿ ಮಲಗುವ ಹೊತ್ತಿಗೆ ಅದನ್ನು ಕಕ್ಕುತ್ತಿತ್ತು. ಸದ್ದಿಲ್ಲ, ನಿದ್ದೆಯೂ ಇಲ್ಲ. ಇಳಿದು ಬಂದೆ.

ಸಾಲು ಮನೆಯಲ್ಲಿ ಪಕ್ಕದವರಿಗೂ ನನಗೂ ಗೋಡೆ ಒಂದೇ. ಅದರ ಎರಡೂ ಕಡೆ ಸ್ವಿಚ್ ಬೋರ್ಡು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದರು. ಅಲ್ಲಿ ಉಳಿದದ್ದು ಗೋಡೆಯಲ್ಲ, ತೂತು. ಅವರ ಕೆಮ್ಮು ಅಲ್ಲಿಂದಲೇ ಬರುತ್ತಿತ್ತು. ಹಾಗಾದರೆ ನನ್ನದೂ ಅವರಿಗೆ ಕೇಳುತ್ತದೆ, ಅಲ್ವಾ? ಈ ಯೋಚನೆ ಬಂದ ದಿನದಿಂದ ಪಿಸುಮಾತಲ್ಲೇ ಬದುಕಿದೆ. ಅತಿ ಹೆಚ್ಚು ಕಾಲ ಇದ್ದಿದ್ದು ಅಲ್ಲೇ, ಆದರೂ ಅದು ಕೊನೆಯವರೆಗೂ ನನ್ನದಾಗಲಿಲ್ಲ.

ಹೆಂಚಿನ ಮನೆಯ ಕಥೆ ಬೇರೆ. ಸಂಜೆ ತಂಪಾಗುತ್ತಿದ್ದಂತೆ ಮಾಡಿನ ಮರ ಕುಗ್ಗಿ ಟಕ್ ಟಕ್ ಅನ್ನುತ್ತದೆ. ಮೊದಲ ವಾರ ಕಳ್ಳರೇ ಅಂದುಕೊಂಡೆ. ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಹಾಗಾಗಿ ಒಳಗೆ ಗುಟ್ಟು ಅನ್ನೋದೇ ಇಲ್ಲ. ಇಲಿ ಓಡುತ್ತದೆ. ಒಂದು ಹೆಂಚು ಸರಿದರೂ ಮಳೆನೀರು ನೇರ ಹಾಸಿಗೆಗೆ. ಆದರೆ ಹನಿಯ ಸದ್ದು ಕೇಳಿಯೇ ಯಾವ ಮೂಲೆಗೆ ಪಾತ್ರೆ ಇಡಬೇಕು ಅಂತ ಕತ್ತಲಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಪರಿಚಯ ಬೇರೆ ಯಾವ ಮನೆಯ ಜೊತೆಯೂ ಆಗಲಿಲ್ಲ.

ಎಲ್ಲರೂ ಆಸೆಪಡುವ ಬಿಡಿ ಮನೆಯೇ ನನ್ನನ್ನು ಜಾಸ್ತಿ ಸತಾಯಿಸಿತು. ನಾಲ್ಕೂ ಕಡೆ ಖಾಲಿ ಜಾಗ. ಸದ್ದಾದರೆ 'ಪಕ್ಕದವರದು ಬಿಡು' ಅನ್ನಲು ಪಕ್ಕದವರೇ ಇಲ್ಲ. ಗಾಳಿಗೆ ಗೇಟಿನ ಚಿಲಕ ಅಲುಗಿದರೂ ಟಾರ್ಚು ಹಿಡಿದು ನಾನೇ ಹೋಗಬೇಕು. ಆರು ತಿಂಗಳು ಹಿಡಿಯಿತು.

ಬರೀ ನಿದ್ದೆ ಮುಖ್ಯ ಅನ್ನುವವರಿಗೆ ನಡುಮಹಡಿಯ ಫ್ಲ್ಯಾಟು ಸಾಕು. ರಿಪೇರಿಗೆ ಹೇಸದವರು ಹೆಂಚಿನ ಮನೆಗೇ ಹೋಗಲಿ. ಸಾಲು ಮನೆಯಾದರೆ ಮೊದಲು ಸ್ವಿಚ್ ಬೋರ್ಡು ನೋಡಿ.

ಈಗ ಮನೆ ಹುಡುಕುವಾಗ, ರಾತ್ರಿ ಹತ್ತರ ಮೇಲೆ ಬಂದು ದೀಪ ಆರಿಸಿ ಸ್ವಲ್ಪ ಹೊತ್ತು ಕೂರಬಹುದಾ ಅಂತ ಕೇಳುತ್ತೇನೆ. ಹೆಚ್ಚಿನವರು ವಿಚಿತ್ರವಾಗಿ ನೋಡಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಬ್ಬ ಮಾಲೀಕರು ಮಾತ್ರ ಒಪ್ಪಿ ತಾವೂ ಜೊತೆಗೆ ಕೂತರು. ಹತ್ತು ನಿಮಿಷ ಆಗಿರಬೇಕು. ಅವರೇ ಮೆಲ್ಲಗೆ ಕೇಳಿದರು: "ಏನ್ರೀ ಅದು ಸದ್ದು?"