ಟೈಮಿಂಗ್ ಬೆಲ್ಟ್ ತುಂಡಾದ ಡೀಸೆಲ್ ಕಾರು: ದುರಸ್ತಿಯ ನಂತರದ ಮೂರು ವರ್ಷ, 34,000 ಕಿ.ಮೀ.

ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದಲ್ಲಿ 2015ರ ಆರಂಭದಲ್ಲಿ ಕೊಂಡ 1.5 ಲೀಟರಿನ ಡೀಸೆಲ್ ಕಾರು ಇಂದಿಗೂ ಓಡುತ್ತಿದೆ. 2022ರ ಡಿಸೆಂಬರಿನಲ್ಲಿ, ಮೀಟರು 71,000 ಕಿ.ಮೀ. ತೋರಿಸುತ್ತಿದ್ದಾಗ, ಅದರ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ರಬ್ಬರ್ ಪಟ್ಟಿ, ತುಂಡಾಯಿತು. ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಇಳಿಸಿ ದುರಸ್ತಿ ಮಾಡಿದ ಎಂಜಿನ್ ಮತ್ತೆ ನಂಬಿಕೆಗೆ ಅರ್ಹವೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಮೂರು ವರ್ಷ ಓಡಿಸಿದ ಮೇಲೆ ಈಗ ಖಚಿತವಾಗಿ ಉತ್ತರಿಸಬಲ್ಲೆ.

ಅಂದು ಕೂಡ್ಲೂರಿನ ಕಾಫಿ ಸಂಸ್ಕರಣಾ ಘಟಕಕ್ಕೆ ಮಾದರಿ ಕೊಟ್ಟು ಕುಶಾಲನಗರದ ಕಡೆಯಿಂದ ಮರಳುತ್ತಿದ್ದಾಗ, ಆನೆಕಾಡಿನ ನಡುವೆ, ಮುಸ್ಸಂಜೆಯ ಹೊತ್ತಿನಲ್ಲಿ ಎಂಜಿನ್ ಒಮ್ಮೆಲೇ ನಿಂತಿತು. ಮುನ್ಸೂಚನೆಯಾಗಿ ಸದ್ದಾಗಲಿ ಅದುರಾಗಲಿ ಇರಲಿಲ್ಲ. ಸ್ಟೇರಿಂಗ್ ಬಿಗಿಯಾಯಿತು, ಎರಡು ಬಾರಿ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾಯಿತು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಕಾಡಾನೆಗಳು ದಾಟುವ ಜಾಗವಾದ್ದರಿಂದ ಗಾಬರಿಯಲ್ಲಿ ಮೂರು ನಾಲ್ಕು ಬಾರಿ ಕೀಲಿ ತಿರುಗಿಸಿದೆ. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ತಿರುಗುತ್ತಿತ್ತು. ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಒತ್ತಡ) ಹೋಗಿದೆ ಎಂಬುದಕ್ಕೆ ಅದೇ ಗುರುತು. ಹಾಗೆ ಕೇಳಿಸಿದ ಕ್ಷಣವೇ ಕೀಲಿಯಿಂದ ಕೈ ತೆಗೆಯಬೇಕು. ತಳ್ಳಿ ಸ್ಟಾರ್ಟ್ ಮಾಡುವ ಯತ್ನವನ್ನಂತೂ ಮಾಡಲೇಬಾರದು, ಏಕೆಂದರೆ ಪ್ರತಿ ಸುತ್ತೂ ಒಳಗಿನ ಹಾನಿಯನ್ನು ಹೆಚ್ಚಿಸಬಹುದು. ತೋಟದ ಪಿಕಪ್ ಬಂದು ಹಗ್ಗ ಕಟ್ಟಿ ಎಳೆಯುವವರೆಗಿನ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ.

ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗಿದಾಗ, ಗಾಳಿ ಮತ್ತು ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ತಾಳವನ್ನು ಕಾಯುವುದು ಹಲ್ಲುಗಳಿರುವ ಆ ರಬ್ಬರ್ ಪಟ್ಟಿ. ಅದು ಕಡಿದರೆ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ, ವೇಗದಲ್ಲಿರುವ ಪಿಸ್ಟನ್ ಮೇಲೆ ಬಂದು ಅವುಗಳಿಗೆ ಬಡಿಯುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಜಾಗ ತೀರ ಕಿರಿದಾದ ಕಾರಣ ಈ ಹೊಡೆತ ಸಾಮಾನ್ಯವಾಗಿ ತಪ್ಪುವುದಿಲ್ಲ. ನನ್ನ ಕಾರಿನ ಎಂಟು ವಾಲ್ವ್‌ಗಳಲ್ಲಿ ಐದು ಬಾಗಿದ್ದವು, ವಾಲ್ವ್‌ಗಳನ್ನು ಒತ್ತುವ ಮೂರು ರಾಕರ್‌ಗಳು ಮುರಿದಿದ್ದವು. ಪಿಸ್ಟನ್‌ಗಳ ನೆತ್ತಿಯ ಮೇಲೆ ಗುರುತು ಬಿದ್ದಿತ್ತೇ ಹೊರತು ಬಿರುಕಿರಲಿಲ್ಲ.

ನನಗೆ ಇಂದಿಗೂ ನೋವು ಕೊಡುವ ಸಂಗತಿ ಬೇರೆಯೇ ಇದೆ. ಕಾರಿನ ಕೈಪಿಡಿಯಲ್ಲಿ ಬೆಲ್ಟ್ ಬದಲಾವಣೆಗೆ 1,00,000 ಕಿ.ಮೀ. ಅಥವಾ 5 ವರ್ಷ, ಯಾವುದು ಮೊದಲೋ ಅದು ಎಂದು ಸ್ಪಷ್ಟವಾಗಿ ಬರೆದಿದೆ. ನಾನು ಪ್ರತಿ ವರ್ಷ ಒಯ್ಯುತ್ತಿದ್ದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕಿಲೋಮೀಟರನ್ನಷ್ಟೇ ನೋಡಿ, ಇನ್ನೂ ಸಮಯವಿದೆ ಎಂದು ಎರಡು ಸಲ ಹೇಳಿ ಕಳುಹಿಸಿದ್ದರು. ತೋಟದವರ ಕಾರುಗಳು ವರ್ಷಕ್ಕೆ ಒಂಬತ್ತು ಹತ್ತು ಸಾವಿರ ಕಿಲೋಮೀಟರ್ ಓಡುವುದೇ ಹೆಚ್ಚು. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತವೆ. ಅಂಥ ಕಾರಿಗೆ ಕಿಲೋಮೀಟರಿನ ಲೆಕ್ಕ ಹಿಡಿದರೆ ರಬ್ಬರಿನ ವಯಸ್ಸು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಕ್ರ್ಯಾಂಕ್ ಸೀಲಿನಿಂದ ಸೋರಿದ ಆಯಿಲ್ ಬೆಲ್ಟಿನ ಒಂದು ಅಂಚನ್ನು ಮೆತ್ತಗಾಗಿಸಿತ್ತು. ಮುಚ್ಚಳ ತೆರೆದು ನೋಡಿದ್ದರೆ ಅದು ಕಣ್ಣಿಗೆ ಬೀಳುತ್ತಿತ್ತು.

ಅದೇ ಕೇಂದ್ರ ಪೂರ್ತಿ ಹೊಸ ಹೆಡ್ ಹಾಕಲು 1,85,000 ರೂಪಾಯಿಯ ಅಂದಾಜು ಕೊಟ್ಟಿತು. ವಾಹನ ವಿಮೆಯು ಸವೆತದಿಂದಾದ ಯಾಂತ್ರಿಕ ವೈಫಲ್ಯಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಅಲ್ಲಿಂದ ಏನನ್ನೂ ನಿರೀಕ್ಷಿಸುವಂತಿರಲಿಲ್ಲ. ಕೊನೆಗೆ 7,000 ರೂಪಾಯಿ ತೆತ್ತು ಕಾರನ್ನು ಮೈಸೂರಿನ ಒಂದು ಖಾಸಗಿ ಗ್ಯಾರೇಜಿಗೆ ಸಾಗಿಸಿದೆ. ಅಲ್ಲಿನ ಮೆಕ್ಯಾನಿಕ್ ಹೆಡ್ ಇಳಿಸಿ, ಭಾಗಗಳನ್ನು ನನ್ನೆದುರಿಗೇ ಇಟ್ಟು ತೋರಿಸಿದ ಮೇಲೆಯೇ ಬೆಲೆ ಹೇಳಿದರು. ಐದು ವಾಲ್ವ್ ಮಾತ್ರ ಬದಲಿಸಿದರೆ ಸಾಲದೇ ಎಂಬ ನನ್ನ ಪ್ರಶ್ನೆಗೆ, ನೇರವಾಗಿ ಕಾಣುವ ಉಳಿದ ಮೂರೂ ಪೆಟ್ಟು ತಿಂದಿರಬಹುದು ಎಂದು ಎಂಟನ್ನೂ ಬದಲಿಸಿದರು. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಸೇರಿದ ಕಿಟ್ಟಿಗೆ 15,200, ಕೂಲಿಗೆ 16,000, ಹೆಡ್ಡಿನ ಲೇತ್ ಕೆಲಸಕ್ಕೆ 7,500, ಹೆಡ್ಡಿನ ಅಡಿಯಲ್ಲಿ ಸೋರಿಕೆ ತಡೆಯುವ ಗ್ಯಾಸ್ಕೆಟ್ ಮತ್ತು ಹೊಸ ಹೆಡ್ ಬೋಲ್ಟ್‌ಗಳಿಗೆ 9,400. ವಾಲ್ವ್, ರಾಕರ್, ಆಯಿಲ್ ಮುಂತಾದವು ಸೇರಿ ಒಟ್ಟು 74,800 ರೂಪಾಯಿ. ಹನ್ನೊಂದು ದಿನ ಹಿಡಿಯಿತು. ಸಮಯಕ್ಕೆ ಸರಿಯಾಗಿ ಬೆಲ್ಟ್ ಬದಲಿಸಿದ್ದರೆ ಕಿಟ್ಟು, ಕೂಲಿ ಎರಡೂ ಸೇರಿ ಸುಮಾರು 22,000ದಲ್ಲಿ ಮುಗಿಯುತ್ತಿತ್ತು.

ಮೊದಲ ತಿಂಗಳು ಚಳಿಯ ಮುಂಜಾನೆಗಳಲ್ಲಿ ಸಣ್ಣ ಟಕ್ ಟಕ್ ಸದ್ದಿತ್ತು. ಸಾವಿರ ಕಿಲೋಮೀಟರಿಗೆ ವಾಲ್ವ್ ಅಂತರವನ್ನು ಮತ್ತೆ ಹೊಂದಿಸಿದ ಮೇಲೆ ನಿಂತಿತು. ಕೂಲಂಟ್ ಸ್ವಲ್ಪ ಇಳಿದಾಗ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಿದ್ದೆ, ಆದರೆ ಸಡಿಲವಾದ ಹೋಸ್ ಕ್ಲ್ಯಾಂಪ್ ಅದಕ್ಕೆ ಕಾರಣವಾಗಿತ್ತು. ಆಮೇಲೆ ಸಂಪಾಜೆ ಘಾಟಿಯನ್ನು ಐದು ಜನರೊಂದಿಗೆ ಎಷ್ಟೋ ಬಾರಿ ಹತ್ತಿದ್ದೇನೆ; ಎಳೆತ ಕುಗ್ಗಿಲ್ಲ, ಬಿಸಿ ಏರಿಲ್ಲ. ಲೀಟರಿಗೆ 17 ಕಿ.ಮೀ. ಮೊದಲಿನಂತೆಯೇ ಸಿಗುತ್ತಿದೆ. ಎರಡು ಸರ್ವಿಸ್‌ಗಳ ನಡುವೆ ಆಯಿಲ್ ಸೇರಿಸುವ ಅಗತ್ಯ ಬಂದಿಲ್ಲ. ಕಳೆದ ವರ್ಷ ಮಾಡಿಸಿದ ಕಂಪ್ರೆಶನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರುಗಳು ಸರಿಸಮನಾಗಿದ್ದವು. ಲೇತ್ ಕೆಲಸ ಸರಿಯಾಗಿದ್ದು, ಹೆಡ್ ಬೋಲ್ಟ್‌ಗಳನ್ನು ಹಳೆಯದನ್ನೇ ಬಳಸದೆ ಹೊಸದಾಗಿ ಹಾಕಿದ್ದರೆ, ದುರಸ್ತಿಯಾದ ಎಂಜಿನ್ನನ್ನು ಧಾರಾಳವಾಗಿ ನಂಬಬಹುದು ಎಂಬುದು ನನ್ನ ಅನುಭವ.

ಈಗ ಪ್ರತಿ ಮಳೆಗಾಲ ಮುಗಿದೊಡನೆ ಬೆಲ್ಟಿನ ಮೇಲ್ಮುಚ್ಚಳ ತೆಗೆಸಿ ಆಯಿಲ್ ತೇವ ಇದೆಯೇ ಎಂದು ನೋಡಿಸುತ್ತೇನೆ. ಮುಚ್ಚಳದ ಮೇಲೆ ಬದಲಾಯಿಸಿದ ತಿಂಗಳನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದೇನೆ. ಕೈಪಿಡಿ ಐದು ವರ್ಷ ಎಂದರೂ ನಾನು ನಾಲ್ಕಕ್ಕೇ ಬೆಲ್ಟ್ ಬದಲಿಸಲಿದ್ದೇನೆ: 2026ರ ಡಿಸೆಂಬರಿನಲ್ಲಿ, ರೋಬಸ್ಟಾ ಕೊಯ್ಲು ಶುರುವಾಗುವ ಮೊದಲು, ಮೀಟರು ಎಷ್ಟೇ ತೋರಿಸಲಿ, ಕಾರು ಅದೇ ಗ್ಯಾರೇಜಿಗೆ ಹೋಗುತ್ತದೆ.