ಪುಣೆಯಲ್ಲಿ ಕೆಎ ನಂಬರಿನ ಕಾರು ಇರುವವರೇ, ಏಜೆಂಟ್ ಕೊಟ್ಟ ಪಾಲಿಸಿಯನ್ನು ಇವತ್ತೇ ಸ್ಕ್ಯಾನ್ ಮಾಡಿ ನೋಡಿ

ಮೊದಲು ಇದನ್ನು ಮಾಡಿ, ಆಮೇಲೆ ಉಳಿದದ್ದು ಓದಿ. ನಿಮ್ಮ ಕಾರಿನ ಇನ್ಶೂರೆನ್ಸ್ ಪಿಡಿಎಫ್ ತೆಗೆದು ಅದರಲ್ಲಿರುವ ಕ್ಯೂಆರ್ ಕೋಡನ್ನು ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ. ತೆರೆದುಕೊಳ್ಳುವ ಪುಟದಲ್ಲಿ ಮೂರು ನೋಡಿ: ಗಾಡಿ ಯಾವ ಬಗೆಯದು, ಚಾಸಿ ನಂಬರ್ (ಗಾಡಿಯ ಚೌಕಟ್ಟಿನ ಮೇಲೆ ಕೆತ್ತಿದ ನಂಬರ್) ನಿಮ್ಮದೇನಾ, ಕಟ್ಟಿದ ಪ್ರೀಮಿಯಂ ಎಷ್ಟು. ಹೆಸರು ಸರಿ ಇದೆ, ಗಾಡಿ ನಂಬರ್ ಸರಿ ಇದೆ ಅಂತ ಅಲ್ಲಿಗೇ ಬಿಡಬೇಡಿ. ನಮ್ಮದರಲ್ಲೂ ಅವೆರಡೂ ಸರಿಯೇ ಇದ್ದವು. ಗಾಡಿ ಮಾತ್ರ ಟೂ ವೀಲರ್ ಆಗಿತ್ತು. 74 ದಿನ ಆ ಕಾಗದ ನಂಬಿಕೊಂಡು ಕಾರು ರಸ್ತೆಯಲ್ಲಿ ಓಡಾಡಿದೆ.

ಧಾರವಾಡದ ಕೆಎ 25 ಕಾರು, 1197 ಸಿಸಿ ಪೆಟ್ರೋಲ್, 2018ರದ್ದು. ಮನೆ ವಾಕಡ್‌ನಲ್ಲಿ. ಕಾರನ್ನು ಮಹಾರಾಷ್ಟ್ರದ ನಂಬರಿಗೆ ಬದಲಿಸುವ ಕೆಲಸ ಒಬ್ಬ ಏಜೆಂಟನಿಗೆ ಕೊಟ್ಟಿದ್ದು. ಅವನು ಕನ್ನಡ ಮಾತಾಡುತ್ತಿದ್ದ, ಅದೂ ನಮ್ಮ ಕಡೆಯದೇ ಕನ್ನಡ. "ಸಾಹೇಬ್ರ, ನಾವೂ ಆ ಕಡಿಯವ್ರ, ನಮ್ಮವ್ರಿಗೆ ಮೋಸಾ ಮಾಡ್ತೀವೇನ್ರಿ" ಅಂದ. ಊರು ಬಿಟ್ಟು ಇಲ್ಲಿರುವವರಿಗೆ ಆ ಒಂದು ಮಾತು ಸಾಕಾಗುತ್ತದೆ. ಮರಾಠಿಯಲ್ಲಿ ಮಾತಾಡುವ ಏಜೆಂಟ್ ಆಗಿದ್ದರೆ ರಸೀದಿ ಕೇಳುತ್ತಿದ್ದೆ, ಪ್ರತಿ ಹಾಳೆ ಓದುತ್ತಿದ್ದೆ. ಇವನನ್ನು ಕೇಳಲಿಲ್ಲ. ಇದನ್ನು ಬರೆಯಲೂ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವನು ಹುಡುಕಿಕೊಂಡು ಬರುವುದೇ ನಮ್ಮಂಥವರನ್ನು.

ಅವನು ಹೇಳಿದ್ದೆಲ್ಲ ಪೂರ್ತಿ ಸುಳ್ಳಾಗಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದ. ಪ್ರತಿಯೊಂದರಲ್ಲೂ ಅರ್ಧ ನಿಜ ಸೇರಿಸಿದ್ದ. "30 ದಿನದಾಗ ನಂಬರ್ ಬದಲ ಮಾಡದಿದ್ರ ಗಾಡಿ ಜಪ್ತಿ" ಅಂತ ಹೆದರಿಸಿದ. ಮೋಟಾರು ವಾಹನ ಕಾಯ್ದೆಯಲ್ಲಿ 30 ದಿನ ಇರುವುದು ವಿಳಾಸ ಬದಲಾವಣೆ ತಿಳಿಸಲು. ಬೇರೆ ರಾಜ್ಯದ ಗಾಡಿಗೆ ಹೊಸ ನಂಬರ್ ಬೇಕಾಗುವುದು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ. ಅದು ಸೆಕ್ಷನ್ 47. ಗಾಡಿ ಯಾವಾಗ ಬಂತು ಅನ್ನುವುದಕ್ಕೆ ಫಾಸ್ಟ್ಯಾಗ್‌ನ ಟೋಲ್ ದಾಖಲೆ ಇಟ್ಟುಕೊಳ್ಳಿ, ಸಿಗ್ನಲ್‌ನಲ್ಲಿ ಪೊಲೀಸರು ಕೇಳಿದಾಗ ತೋರಿಸಬಹುದು. ಎಲ್ಲ ರಾಜ್ಯಗಳಲ್ಲೂ ನಡೆಯುವ ಬಿಎಚ್ ನಂಬರ್ ಮಾಡಿಸಿಕೊಡುತ್ತೇನೆ ಅಂತಲೂ ಆಸೆ ತೋರಿಸಿದ. ಖಾಸಗಿ ನೌಕರಿಯವರಿಗೆ ಅದು ಸಿಗಬೇಕಾದರೆ ಕಂಪನಿಯ ಕಚೇರಿ 4 ಅಥವಾ ಹೆಚ್ಚು ರಾಜ್ಯಗಳಲ್ಲಿ ಇರಬೇಕು, ಕಂಪನಿಯೇ ಫಾರ್ಮ್ 60 ಕೊಡಬೇಕು. ಅದನ್ನು ಏಜೆಂಟ್ ತರಲು ಬರುವುದಿಲ್ಲ.

ಮೊದಲ ಕೆಲಸ ಧಾರವಾಡದಿಂದ ಎನ್‌ಒಸಿ, ಅಂದರೆ ಗಾಡಿಯನ್ನು ಬೇರೆ ಕಡೆ ನೋಂದಾಯಿಸಲು ಹಳೆ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರ. ಅದಕ್ಕೆ ಅಂತ 20,000 ಮುಂಗಡ ತೆಗೆದುಕೊಂಡ. ಅದಕ್ಕೆ ಬೇಕಾದದ್ದು ಫಾರ್ಮ್ 28, ಅದರ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಬಾಕಿ ಚಲನ್ ಕಟ್ಟಿದ್ದು, ಆರ್‌ಸಿಯಲ್ಲಿ ಸಾಲದ ಹೆಸರು ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ. ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ, ಫಾರ್ಮ್ 35 ಕೊಟ್ಟು ತೆಗೆಸಬೇಕು. ಇವೆಲ್ಲ ನಾನೇ ಹೊಂದಿಸಿಕೊಟ್ಟೆ. ಅವನು ಮಾಡಬೇಕಿದ್ದದ್ದು ಒಂದೇ, ಯಾವ ಆರ್‌ಟಿಓಗೆ ಎನ್‌ಒಸಿ ಅನ್ನುವ ಜಾಗದಲ್ಲಿ ಸರಿಯಾದ ಕಚೇರಿ ಬರೆಯುವುದು. ಎಂಎಚ್ 12 ಅಂತ ಬರೆದ. ವಾಕಡ್ ಇರುವುದು ಪಿಂಪ್ರಿ ಚಿಂಚವಡ್‌ನಲ್ಲಿ, ಅಂದರೆ ಎಂಎಚ್ 14. ಕೋಥ್ರೂಡ್, ವಾರಜೆ ಕಡೆಯವರಿಗೆ 12, ನಮಗೆ 14. ಪುಣೆಯಲ್ಲಿ ಆರು ತಿಂಗಳು ಇದ್ದವರಿಗೂ ಗೊತ್ತಿರುವ ವಿಷಯ. ಕೇಳಿದರೆ "ಪುಣೆ ಅಂದ್ರ ಪುಣೆನ ಅಲ್ಲೇನ್ರಿ, ಒಳಗ ಅಡ್ಜಸ್ಟ್ ಆಗ್ತದ" ಅಂದ. ಆಗಲಿಲ್ಲ. ಎನ್‌ಒಸಿಯಲ್ಲಿ ಹೆಸರಿರುವ ಕಚೇರಿ ಬೇರೆ, ವಿಳಾಸದ ಕಚೇರಿ ಬೇರೆ ಇದ್ದರೆ ಫೈಲ್ ನಿಲ್ಲುತ್ತದೆ. ಅದನ್ನು ರದ್ದು ಮಾಡಿಸಿ ಹೊಸದಾಗಿ ತೆಗೆಸಬೇಕು. ಧಾರವಾಡ ಇಲ್ಲಿಂದ 400 ಕಿ.ಮೀ.ಗೂ ಹೆಚ್ಚು.

ಈ ನಡುವೆ ಪಾಲಿಸಿ ಮುಗಿಯುವ ತಾರೀಖು ಬಂತು. ಹಳೆ ಕಂಪನಿಯ ರಿನ್ಯೂವಲ್ ಮೆಸೇಜ್ ಬಂದಿತ್ತು, ಕಟ್ಟುವವನಿದ್ದೆ. ಇವನು ತಡೆದ. "ಎನ್‌ಒಸಿ ಆದ ಗಾಡಿ ಅವರು ರಿನ್ಯೂ ಮಾಡಂಗಿಲ್ರಿ. ಮತ್ತ ಝೋನ್ ಬದಲಾಗ್ತದ, ಹೊಸಾ ಪಾಲಿಸಿನ ಬೇಕು." ಇಲ್ಲೂ ಅರ್ಧ ನಿಜ. ಝೋನ್ ಅನ್ನುವುದು ಇದೆ. ಖಾಸಗಿ ಕಾರುಗಳ ಸ್ವಂತ ಹಾನಿಯ ವಿಮೆಗೆ ಪುಣೆ, ಮುಂಬೈ, ಬೆಂಗಳೂರು ಸೇರಿ 8 ಮಹಾನಗರ ಎ ವಲಯ, ಧಾರವಾಡದಂಥ ಉಳಿದ ಊರುಗಳೆಲ್ಲ ಬಿ. ನಂಬರ್ ಬದಲಾದ ಮೇಲೆ ಪ್ರೀಮಿಯಂನಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು, ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ ವಿಮೆ) ದರ ಎಲ್ಲ ಊರಿಗೂ ಒಂದೇ. ಆದರೆ ಅದಕ್ಕೆ ಹೊಸ ಪಾಲಿಸಿ ಬೇಕಿಲ್ಲ. ಹಳೆ ಕಂಪನಿಯಲ್ಲೇ ಕೆಎ ನಂಬರಿಗೇ ರಿನ್ಯೂ ಮಾಡಬೇಕು. ಹೊಸ ಆರ್‌ಸಿ ಬಂದ ದಿನ ಅದರ ಪ್ರತಿ ಕಳಿಸಿ ಅದೇ ಪಾಲಿಸಿಯಲ್ಲಿ ನಂಬರ್, ವಿಳಾಸ ತಿದ್ದಿಸಬೇಕು. ಎಂಡಾರ್ಸ್‌ಮೆಂಟ್ ಅನ್ನುವುದು ಅಷ್ಟೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಮಾತಿಗೆ ಒಪ್ಪಿದೆ.

9,400 ಕೇಳಿದ, 50% ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಾಕಿಸಿದ್ದೇನೆ ಅಂದ. ಹಣ ಹೋದದ್ದು ಅವನ ಸ್ವಂತ ಯುಪಿಐಗೆ. ಅರ್ಧ ಗಂಟೆಯಲ್ಲಿ ಪಿಡಿಎಫ್ ಬಂತು. ಕಂಪನಿಯ ಲಾಂಛನ, ಐಡಿವಿ (ವಿಮೆಗೆ ಹಿಡಿದ ಗಾಡಿಯ ಬೆಲೆ), ಎನ್‌ಸಿಬಿ, ಎಲ್ಲ ಇದ್ದವು. ಗಾಡಿ ದಾಖಲೆ ತೋರಿಸುವ ಸರ್ಕಾರದ ಎಂ ಪರಿವಾಹನ್ ಆ್ಯಪ್‌ನಲ್ಲಿ ಮಾತ್ರ ಹಳೆ ಪಾಲಿಸಿಯ ತಾರೀಖೇ ತೋರಿಸುತ್ತಿತ್ತು. ಕೇಳಿದಾಗ "15 ದಿನ ಹಿಡೀತದ ಅಪ್‌ಡೇಟ್ ಆಗಾಕ" ಅಂದ. 15 ದಿನದ ಮೇಲೆ ಕೇಳಿದೆ, "ಕಂಪನಿ ಸರ್ವರ್ ಪ್ರಾಬ್ಲಮ್ ಐತ್ರಿ". ತಿಂಗಳಾದ ಮೇಲೆ ಕೇಳಿದೆ, "ಎನ್‌ಒಸಿ ಆಗೇತಲ್ರಿ, ಅದಕ್ಕ ತೋರಸಂಗಿಲ್ಲ". ಮೂರು ಸಲ ಮೂರು ಕಾರಣ. ಮೂರನ್ನೂ ನಂಬಿದೆ.

ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಒಂದು ಟೆಂಪೋ ಹಿಂದಿನಿಂದ ಗುದ್ದಿತು. ಬಂಪರ್ ಒಡೆಯಿತು, ಡಿಕ್ಕಿ ಬಾಗಿಲು ಒಳಗೆ ಹೋಯಿತು. ವರ್ಕ್‌ಶಾಪ್ ಅಂದಾಜು 38,600. ಕ್ಲೇಮ್ ನೋಡಿಕೊಳ್ಳುವ ಹುಡುಗ ಪಾಲಿಸಿ ನಂಬರ್ ಹಾಕಿದ, ಪರದೆ ನೋಡಿದ, ಹೊರಗೆ ನಿಂತ ಕಾರು ನೋಡಿದ, ಮತ್ತೆ ನಂಬರ್ ಹಾಕಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಸಾಹೇಬ್, ಹೀ ಪಾಲಿಸೀ ಟೂ ವ್ಹೀಲರ್‌ಚೀ ಆಹೇ." ಅವನು ದನಿ ತಗ್ಗಿಸಿದ್ದು ನನ್ನ ಮರ್ಯಾದೆ ಕಾಯಲು. ಆದರೂ ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳಿಸಿತು. ಪರದೆ ನನ್ನ ಕಡೆ ತಿರುಗಿಸಿದ. ನನ್ನ ಹೆಸರು, ನನ್ನ ಕಾರಿನ ನಂಬರ್, ವಾಹನದ ಬಗೆ ದ್ವಿಚಕ್ರ, ಪ್ರೀಮಿಯಂ 843 ರೂಪಾಯಿ.

ಇದು ಹೇಗೆ ನಡೆಯುತ್ತದೆ ಅಂದರೆ, 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಬೈಕಿನ ಒಂದು ವರ್ಷದ ಥರ್ಡ್ ಪಾರ್ಟಿ 714. 18% ಜಿಎಸ್‌ಟಿ ಸೇರಿ 843. 1000ದಿಂದ 1500 ಸಿಸಿ ಕಾರಿಗೆ ಬರೀ ಥರ್ಡ್ ಪಾರ್ಟಿಯೇ 3,416, ತೆರಿಗೆ ಸೇರಿ 4,031. ಇಂಥ ಏಜೆಂಟರು ಆನ್‌ಲೈನ್‌ನಲ್ಲಿ ಬೈಕಿನ ಪಾಲಿಸಿ ತೆಗೆಯುತ್ತಾರೆ, ಅದರಲ್ಲಿ ನಮ್ಮ ಕಾರಿನ ನಂಬರ್ ಹಾಕುತ್ತಾರೆ, ಬಂದ ಪಿಡಿಎಫ್‌ನಲ್ಲಿ ವಾಹನದ ಬಗೆ, ಮಾಡೆಲ್, ಐಡಿವಿ, ಪ್ರೀಮಿಯಂ ತಿದ್ದುತ್ತಾರೆ. ಪಾಲಿಸಿ ನಂಬರ್ ಅಸಲಿ. ಆದ್ದರಿಂದ ಕಂಪನಿಗೆ ಫೋನ್ ಮಾಡಿ "ಈ ನಂಬರಿನ ಪಾಲಿಸಿ ಇದೆಯಾ" ಅಂತ ಕೇಳಿದರೆ "ಇದೆ, ಚಾಲ್ತಿಯಲ್ಲಿದೆ" ಅಂತಲೇ ಉತ್ತರ ಬರುತ್ತದೆ. ಕೇಳಬೇಕಾದದ್ದು ಅದು ಯಾವ ಗಾಡಿಗೆ, ಚಾಸಿ ನಂಬರಿನ ಕೊನೆಯ ಅಂಕೆಗಳೇನು ಅಂತ. ನಮ್ಮ ಪಿಡಿಎಫ್‌ನಲ್ಲಿ ಕ್ಯೂಆರ್ ಕೋಡ್ ತಿದ್ದಿರಲಿಲ್ಲ. 74 ದಿನದಲ್ಲಿ ಒಂದು ಸಲ ಸ್ಕ್ಯಾನ್ ಮಾಡಿದ್ದರೆ ಸಾಕಿತ್ತು.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದೇ ಉತ್ತರ ಬಂದರೆ ಗುರುತು ಸಿಗಲಿ. ಮೊದಲು: "ಪಾಲಿಸಿ ನಂಬರ್ ಖರೇ ಐತಲ್ರಿ, ಬೇಕಾದ್ರ ಕಂಪನಿಗೆ ಕೇಳ್ರಿ." ಪರದೆಯ ಫೋಟೋ ಕಳಿಸಿದ ಮೇಲೆ: "ಟೈಪಿಂಗ್ ಮಿಸ್ಟೇಕ್ ಆಗೇತ್ರಿ, ಎಂಡಾರ್ಸ್‌ಮೆಂಟ್ ಮಾಡಸ್ತೀನಿ, 1,800 ಹಾಕ್ರಿ." ಮತ್ತೆ 1,800! ಪ್ರೀಮಿಯಂ 843 ಹೇಗಾಯಿತು ಅಂತ ಕೇಳಿದ್ದಕ್ಕೆ: "ಸಸ್ತಾದಾಗ ಮಾಡ್ರಿ ಅಂತ ನೀವ ಅಂದಿದ್ರಿ." ನಾನು ಅಂದಿರಲಿಲ್ಲ. ಪೊಲೀಸ್ ಮಾತು ಎತ್ತಿದಾಗ: "ನಮ್ಮ ನಮ್ಮೊಳಗ ಯಾಕ್ರಿ ಇದೆಲ್ಲಾ." ಆಮೇಲೆ ಫೋನ್ ಎತ್ತಲಿಲ್ಲ.

ಬಂಪರ್ ಖರ್ಚು ಕೈಯಿಂದ ಹೋಯಿತು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆ. ವಿಮೆ ಇಲ್ಲದೆ ಸಿಕ್ಕರೆ ಮೊದಲ ಸಲ 2,000 ದಂಡ ಅಥವಾ 3 ತಿಂಗಳವರೆಗೆ ಜೈಲು, ಅದನ್ನಾದರೂ ಹೇಗೋ ಎದುರಿಸಬಹುದು. ಆ 74 ದಿನದಲ್ಲಿ ನಮ್ಮ ಕಾರಿನಿಂದ ಯಾರಿಗಾದರೂ ಜೀವಕ್ಕೆ ಅಪಾಯ ಆಗಿದ್ದರೆ? ಅಸಲಿ ಪಾಲಿಸಿ ಇದ್ದರೆ ಸಾವು, ಗಾಯದ ಪರಿಹಾರವನ್ನು ಕಂಪನಿ ಕೊಡುತ್ತದೆ, ಅದಕ್ಕೆ ಮಿತಿ ಇಲ್ಲ. ಇಲ್ಲದಿದ್ದರೆ ಮಾಲೀಕನ ಮನೆ, ಹೊಲ ಮಾರಿ ಕೊಡಬೇಕು. ಆ ಮನುಷ್ಯ 8,557 ರೂಪಾಯಿ ಉಳಿಸಿಕೊಳ್ಳಲು ಒಂದು ಕುಟುಂಬವನ್ನೇ ಆ ಅಪಾಯಕ್ಕೆ ದೂಡಿದ.

ಎನ್‌ಸಿಬಿ ಉಳಿದದ್ದು 16 ದಿನದ ಅಂತರದಲ್ಲಿ. ಪಾಲಿಸಿ ಮುಗಿದು 90 ದಿನ ದಾಟಿದರೆ ವರ್ಷಗಟ್ಟಲೆ ಕೂಡಿಬಂದ 50% ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಹಳೆ ಕಂಪನಿಯಲ್ಲೇ ಗಾಡಿಯ ತಪಾಸಣೆ ಮಾಡಿಸಿ ಪಾಲಿಸಿ ತೆಗೆದುಕೊಂಡೆ, ಹಣ ನೇರವಾಗಿ ಕಂಪನಿಯ ಲಿಂಕಿಗೆ. ತಪಾಸಣೆಯಲ್ಲಿ ಕಂಡ ಹಳೆ ಹಾನಿಗೆ ಹೊಸ ಪಾಲಿಸಿಯಲ್ಲಿ ಕ್ಲೇಮ್ ಇಲ್ಲ, ಅದು ನ್ಯಾಯವೇ.

ಆ ಟೆಂಪೋ ಗುದ್ದದಿದ್ದರೆ ಮುಂದಿನ ವಾರ ಇನ್ನೂ 70,950 ಹೋಗುತ್ತಿತ್ತು. ರಸ್ತೆ ತೆರಿಗೆ ಅಂತ ಕೇಳಿದ್ದ. ಲೆಕ್ಕ ತೋರಿಸಿದ್ದ: ಶೋರೂಮ್ ಬೆಲೆ 6,45,000, ಅದರ 11%. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ 11% ಅನ್ನುವುದು ನಿಜ, ಆದರೆ ಅದು ಹೊಸ ಕಾರಿಗೆ. ಹೊರರಾಜ್ಯದ ಹಳೆ ಕಾರಿಗೆ ವಯಸ್ಸಿನ ಪ್ರಕಾರ ಇಳಿಯುತ್ತದೆ. "ಪೋರ್ಟಲ್‌ನಾಗ ಏಜೆಂಟ್ ಲಾಗಿನ್‌ದಿಂದ ಅಷ್ಟ ಕಟ್ಟಾಕ ಬರ್ತದ" ಅಂದಿದ್ದ, ಅದೂ ಸುಳ್ಳು. ಪರಿವಾಹನ್ ಪೋರ್ಟಲ್‌ನಲ್ಲಿ ಮಾಲೀಕರೇ ಕಟ್ಟಬಹುದು, ರಸೀದಿ ಅಲ್ಲೇ ಸಿಗುತ್ತದೆ. ಒಬ್ಬ ಮನುಷ್ಯನ ಯುಪಿಐಗೆ ತೆರಿಗೆ ಕಟ್ಟಬೇಡಿ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲು ವಾಪಸ್ ಕೇಳಲು ಹೊಸ ಆರ್‌ಸಿ, ಎನ್‌ಒಸಿ ಪ್ರತಿ, ಹಳೆ ತೆರಿಗೆ ರಸೀದಿ ಬೇಕು. ಈ ಮೂರರ ಅಸಲನ್ನು ಯಾವ ಏಜೆಂಟನ ಕೈಗೂ ಕೊಡಬೇಡಿ.

ಬಾಡಿಗೆ ಮನೆಯವರಿಗೆ ಇನ್ನೊಂದು. ವಿಳಾಸಕ್ಕೆ ನೋಂದಾಯಿತ ಲೀವ್ ಆ್ಯಂಡ್ ಲೈಸೆನ್ಸ್ ಕರಾರು (ಇಲ್ಲಿಯ ಬಾಡಿಗೆ ಕರಾರು) ಇಟ್ಟುಕೊಳ್ಳಿ. 1,500ಕ್ಕೆ ನೋಟರಿ ಕಾಗದ ಮಾಡಿಸಿಕೊಡುತ್ತೇನೆ ಅನ್ನುವವರನ್ನು ದೂರ ಇಡಿ. ಆರ್‌ಸಿ ಅಂಚೆಯಲ್ಲಿ ಬರುವುದು ಆ ವಿಳಾಸಕ್ಕೇ.

ಕೊನೆಗೆ ತಿಳಿದದ್ದು ಎಲ್ಲಕ್ಕಿಂತ ಕೆಟ್ಟದ್ದು. ತಪ್ಪಾದ ಎನ್‌ಒಸಿ ರದ್ದು ಮಾಡಿಸಲು ಪರಿವಾಹನ್‌ನಲ್ಲಿ ಅರ್ಜಿ ತೆರೆದರೆ ಓಟಿಪಿ ನನ್ನ ಫೋನಿಗೆ ಬರಲಿಲ್ಲ. ದಾಖಲೆಯಲ್ಲಿ ಮಾಲೀಕನ ಮೊಬೈಲ್ ಅಂತ ಅವನ ನಂಬರ್ ಸೇರಿತ್ತು. ಮೊದಲ ದಿನ "ಒಂದ ಓಟಿಪಿ ಬರ್ತದ, ಹೇಳಿಬಿಡ್ರಿ" ಅಂದಿದ್ದ, ಹೇಳಿದ್ದೆ. ಅದನ್ನು ಬದಲಿಸಿ, ಎನ್‌ಒಸಿ ರದ್ದು ಮಾಡಿಸಿ, ಎಂಎಚ್ 14ಕ್ಕೆ ಹೊಸದು ತೆಗೆಸಲು ಎರಡು ಸಲ ಧಾರವಾಡಕ್ಕೆ ಹೋಗಿಬಂದದ್ದಾಯಿತು. ಯುಪಿಐ ದಾಖಲೆ, ತಿದ್ದಿದ ಪಿಡಿಎಫ್, ಕಂಪನಿಯ ಇಮೇಲ್ ಉತ್ತರ ಸೇರಿಸಿ ಪೊಲೀಸ್ ದೂರು ಕೊಟ್ಟಿದ್ದೇನೆ. ಹಣ ಈಗಷ್ಟೇ ಕಳಿಸಿದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 74 ದಿನ ಕಳೆದ ಮೇಲೆ ಖಾತೆಯಲ್ಲಿ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ.

ದೂರು ಕೊಟ್ಟ ಮೂರನೇ ದಿನ ಬೇರೊಂದು ನಂಬರಿನಿಂದ ಮೆಸೇಜ್ ಬಂತು: "ಅಣ್ಣಾರ, ಕಂಪ್ಲೇಂಟ್ ಹಿಂದ ತಗೋರಿ, ರಿಜಿಸ್ಟ್ರೇಷನ್ ಕೆಲಸದಾಗ ಅಡ್ಜಸ್ಟ್ ಮಾಡೋಣು." ದೂರು ಹಿಂತೆಗೆದುಕೊಂಡಿಲ್ಲ. ವಾಕಡ್, ಹಿಂಜವಡಿ, ರಾವೇತ್ ಕಡೆ ಕನ್ನಡ ಮಾತಾಡುವ ಏಜೆಂಟನಿಂದ ಈ ವರ್ಷ ಪಾಲಿಸಿ ತೆಗೆದುಕೊಂಡವರು ಇದ್ದರೆ ಮೇಲೆ ಹೇಳಿದ ಸ್ಕ್ಯಾನ್ ಮಾಡಿ, ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದೇನಾ ಅಂತಲೂ ಪರಿವಾಹನ್‌ನಲ್ಲಿ ನೋಡಿಕೊಳ್ಳಿ. ಸಿಕ್ಕಿಬಿದ್ದಿದ್ದರೆ ನೀವೂ ದೂರು ಕೊಡಿ. ನಾನು ಕೊಟ್ಟಿರುವುದು ಸದ್ಯಕ್ಕೆ ಒಂಟಿ ದೂರು.